ರೇಷನ್ ಕಾರ್ಡ್ ಮನೆಯದು, ಊಟ ಮಗುವಿನದು

ತಿಂಗಳ ಮೂರನೇ ವಾರ ಬಂತೆಂದರೆ ನಮ್ಮ ಬಡಾವಣೆಯ ರೇಷನ್ ಅಂಗಡಿ ಮುಂದೆ ಚೀಲಗಳ ಸಾಲು ಇರುತ್ತದೆ. ಜನ ಅಲ್ಲ, ಬರೀ ಚೀಲ. ಬೆಳಗ್ಗೆ ಆರಕ್ಕೇ ಬಂದು ಚೀಲ ಇಟ್ಟು, ಅದರ ಮೇಲೊಂದು ಕಲ್ಲು ಹೇರಿ, ಮನೆಗೆ ಹೋಗಿ ಮಕ್ಕಳಿಗೆ ತಿಂಡಿ ಮಾಡಿ ವಾಪಸ್ ಬರುತ್ತಾರೆ. ಮೊನ್ನೆ ಆ ಸಾಲಿನಲ್ಲಿ ಒಬ್ಬ ತಾಯಿ ಇದ್ದರು. ಸೊಂಟದ ಮೇಲೆ ಎರಡು ವರ್ಷದ ಮಗು. ತಂಬ್ ಕೊಟ್ಟು ಚೀಲ ತುಂಬಿಸಿಕೊಂಡ ಮೇಲೆ ಕೇಳಿದರು, "ಅಣ್ಣಾ, ಪಾಪುದು ಯಾವಾಗ ಬರತ್ತೆ?" ಕಾರ್ಡಿನಲ್ಲಿ ಗಂಡ ಹೆಂಡತಿ ಎರಡೇ ಹೆಸರು. ಅಂಗಡಿಯವರು ತಲೆ ಎತ್ತದೆ ಹೇಳಿದರು, "ಹೆಸರು ಸೇರಿಸೋಕೆ ಬಿಟ್ಟಾಗ ಬರತ್ತೆ ಅಕ್ಕ. ಈಗ ಸರ್ವರ್ ಇಲ್ಲ."

ನಾನು ಮಧ್ಯೆ ಬಾಯಿ ಹಾಕಿದೆ. ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿದ್ದೀರಾ?

"ಅದಕ್ಕೂ ಕಾರ್ಡಲ್ಲಿ ಹೆಸರು ಬೇಕಲ್ವಾ?"

ಬೇಡ. ಕಾರ್ಡೇ ಇಲ್ಲದಿದ್ದರೂ ಪರವಾಗಿಲ್ಲ. ಆದರೆ ಇದನ್ನು ಆ ತಾಯಿಗೆ ಎರಡು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಮಕ್ಕಳಿರುವ ಮನೆಗಳ ಆಹಾರದ ವಿಷಯ ಮಾತಾಡುವಾಗ ನಾವೆಲ್ಲ ಬಿಪಿಎಲ್ ಕಾರ್ಡ್ ಹಿಡಿದುಕೊಂಡೇ ಕೂರುತ್ತೇವೆ. ಮಗುವಿನ ತಟ್ಟೆಗೆ ಬರುವ ಹೆಚ್ಚಿನ ಊಟ ಮಾತ್ರ ಆ ಕಾರ್ಡಿನ ಆಚೆಗಿದೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಎರಡು ಬೇರೆ ದಾರಿಗಳಿವೆ. ಒಂದು, ಮನೆಗೆ ಧಾನ್ಯ ಕೊಡುವುದು. ಅದಕ್ಕೆ ಕಾರ್ಡ್ ಬೇಕೇ ಬೇಕು. ಇನ್ನೊಂದು, ತಾಯಿ ಮತ್ತು ಮಗುವಿಗೆ ನೇರವಾಗಿ ಊಟ ಕೊಡುವುದು. ಕಾಯ್ದೆಯ 4, 5 ಮತ್ತು 6ನೇ ಸೆಕ್ಷನ್‌ಗಳು ಈ ಎರಡನೆಯದರ ಬಗ್ಗೆ ಇವೆ. ಬಸುರಿ, ಬಾಣಂತಿ, ಆರು ತಿಂಗಳಿಂದ ಆರು ವರ್ಷದ ಮಗು, ಆಮೇಲೆ ಶಾಲೆಗೆ ಹೋಗುವ ಮಗು. ಇಲ್ಲಿ ಬಡವರು, ಬಡವರಲ್ಲದವರು ಎನ್ನುವ ಗೆರೆಯೇ ಇಲ್ಲ. ಯಾವ ಮನೆಯ ಮಗುವಾದರೂ ಅಂಗನವಾಡಿ ಬಾಗಿಲಿಗೆ ಹೋದರೆ ವಾಪಸ್ ಕಳಿಸುವ ಹಾಗಿಲ್ಲ.

ಮೊದಲನೇ ದಾರಿಯ ಕಥೆಯೇ ಬೇರೆ.

ಹತ್ತು ಸಾವಿರದ ಗೆರೆ

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಬೇಕೆಂದರೆ ಕುಟುಂಬದ ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. ಇದನ್ನು ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 10,000. ತಿಂಗಳಿಗೆ 26 ದಿನ ದುಡಿದರೆ ದಿನಕ್ಕೆ ಸುಮಾರು 385 ರೂಪಾಯಿ. ಇದು ಒಬ್ಬರ ಸಂಪಾದನೆಯ ಮಿತಿ ಅಲ್ಲ, ಇಡೀ ಮನೆಯದು.

ಈಗ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ. ಅವರ ಕೈಗೆ ಬರುವುದು ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ಕೂಲಿ. ಅದೊಂದೇ ಈ ಗೆರೆಯನ್ನು ದಾಟುತ್ತದೆ. ಗಂಡ ಆಟೋ ಓಡಿಸಿದರೆ ಮುಗಿದೇ ಹೋಯಿತು. ಒಂದು ಇಲಾಖೆ ಇದಕ್ಕಿಂತ ಕಡಿಮೆ ಕೂಲಿ ಕೊಡಬೇಡಿ ಎನ್ನುತ್ತದೆ. ಇನ್ನೊಂದು ಇಲಾಖೆ ಅಷ್ಟು ಕೂಲಿ ಪಡೆದವರು ಬಡವರಲ್ಲ ಎನ್ನುತ್ತದೆ. ಎರಡೂ ಒಂದೇ ಸರ್ಕಾರದ ಇಲಾಖೆಗಳು. ಬೆಂಗಳೂರಿನಲ್ಲಿ ಒಂದು ರೂಮು, ಒಂದು ಅಡುಗೆಮನೆಗೆ ಏಳೆಂಟು ಸಾವಿರ ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ಏನು ತಿನ್ನುತ್ತಾರೆ ಅನ್ನೋದು ಯಾವ ಫಾರ್ಮ್‌ನಲ್ಲೂ ಇಲ್ಲ.

ಹಾಗಾದರೆ ನಗರದಲ್ಲಿ ಇಷ್ಟೊಂದು ಬಿಪಿಎಲ್ ಕಾರ್ಡ್‌ಗಳು ಹೇಗಿವೆ? ಉತ್ತರ ಎಲ್ಲರಿಗೂ ಗೊತ್ತು. ಆದಾಯ ಪ್ರಮಾಣಪತ್ರದಲ್ಲಿ ಬರೆದಿರುವ ಆದಾಯ, ಮನೆಗೆ ಬರುವ ಆದಾಯ ಎರಡೂ ಬೇರೆ ಬೇರೆ. ಇದನ್ನು ಜನರ ಮೋಸ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕೂಲಿಯವರೂ ಒಳಗೆ ಬಾರದಷ್ಟು ಕೆಳಗೆ ಗೆರೆ ಎಳೆದರೆ ಜನ ಗೆರೆಯನ್ನು ತುಳಿದೇ ಬರುತ್ತಾರೆ. ಅದರ ಕಷ್ಟ ಕಾಣಿಸುವುದು ಸರ್ಕಾರ ಕಾರ್ಡ್‌ಗಳನ್ನು ಜರಡಿ ಹಿಡಿಯಲು ಹೊರಟಾಗ. 2024ರ ನವೆಂಬರ್‌ನಲ್ಲಿ ಆದದ್ದು ಅದೇ. ಆದಾಯ ತೆರಿಗೆ ರಿಟರ್ನ್ ಹಾಕಿದವರು ಎಂಬ ಕಾರಣಕ್ಕೆ ಎಷ್ಟೋ ಕಾರ್ಡ್‌ಗಳು ರದ್ದಾದವು. ಸಾಲ ಸಿಗಲಿ ಅಂತ ಯಾರೋ ರಿಟರ್ನ್ ಹಾಕಿಸಿದ್ದವರೂ ಅದರಲ್ಲಿ ಸಿಕ್ಕಿಬಿದ್ದರು. ಗಲಾಟೆ ಜೋರಾಯಿತು. ಆಮೇಲೆ ಅರ್ಹರ ಕಾರ್ಡ್ ವಾಪಸ್ ಕೊಡುತ್ತೇವೆ ಎಂದು ಸರ್ಕಾರವೇ ಹೇಳಬೇಕಾಯಿತು.

ಇದರ ಹಿಂದೆ ಇನ್ನೊಂದು ಲೆಕ್ಕ ಇದೆ. ಕಾಯ್ದೆ ಹಳ್ಳಿಗಳಲ್ಲಿ ಶೇ 75, ನಗರಗಳಲ್ಲಿ ಶೇ 50 ಜನಕ್ಕೆ ಧಾನ್ಯ ಎನ್ನುತ್ತದೆ. ಅದು ದೇಶದ ಸರಾಸರಿ. ಲೆಕ್ಕ ಹಾಕಿರುವುದು 2011ರ ಜನಗಣತಿಯ ಮೇಲೆ. ಆ ಪ್ರಕಾರ ಕರ್ನಾಟಕದ ಪಾಲು ಸುಮಾರು 4.02 ಕೋಟಿ ಜನ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ ಇದ್ದರು. ಆಮೇಲೆ ಊರು ಎಷ್ಟು ಬೆಳೆದಿದೆ ಅಂತ ತುಮಕೂರು ರಸ್ತೆಯಲ್ಲಿ ಒಂದು ಗಂಟೆ ನಿಂತವರಿಗೆ ಹೇಳಬೇಕಿಲ್ಲ. ಮುಂದಿನ ಜನಗಣತಿ 2027ಕ್ಕೆ. 2011ರಿಂದ ಈಚೆಗೆ ಹುಟ್ಟಿದ ಒಂದು ಮಗುವೂ ಆ ಹಳೆಯ ಲೆಕ್ಕದಲ್ಲಿ ಇಲ್ಲ. ಅಂದರೆ ಇವತ್ತು ಅಂಗನವಾಡಿಯಿಂದ ಎಂಟನೇ ಕ್ಲಾಸಿನವರೆಗೆ ಓದುವ ಹೆಚ್ಚುಕಮ್ಮಿ ಎಲ್ಲ ಮಕ್ಕಳೂ ಅದರ ಹೊರಗೆ. ಕೇಂದ್ರದ ಪಾಲಿಗಿಂತ ಹೆಚ್ಚಿನವರಿಗೆ ರಾಜ್ಯ ತನ್ನ ದುಡ್ಡಿನಿಂದಲೇ ಅಕ್ಕಿ ಕೊಡುತ್ತಿದೆ. ಹೊಸ ಕಾರ್ಡ್ ಕೊಡಲು ಸರ್ಕಾರ ಹಿಂದೆಮುಂದೆ ನೋಡುವುದಕ್ಕೆ ಇದೂ ಒಂದು ಕಾರಣ.

ಮುಖ್ಯ ಕಾರಣ ಬೇರೆ. ಈಗ ಕಾರ್ಡ್ ಅಂದರೆ ಬರೀ ಅಕ್ಕಿ ಅಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ. ಆಸ್ಪತ್ರೆಯಲ್ಲಿ 5 ಲಕ್ಷದವರೆಗಿನ ಚಿಕಿತ್ಸೆಗೆ ಬಿಪಿಎಲ್ ಕಾರ್ಡ್ ಬೇಕು. ಹೀಗೆ ಒಂದೊಂದೇ ಗಂಟು ಅದಕ್ಕೆ ಕಟ್ಟುತ್ತಾ ಹೋದರು. ಮಗುವಿನ ಹೆಸರು ಸೇರಿಸುವಂಥ ಸಣ್ಣ ಕೆಲಸವೂ ಅದೇ ಗಂಟಿನಲ್ಲಿ ಸಿಕ್ಕಿಕೊಂಡಿದೆ.

ಹೆಸರು ಸೇರಿಸುವ ಪಾಡು

ಮಗು ಹುಟ್ಟಿದ ಮೇಲೆ ಜನನ ಪ್ರಮಾಣಪತ್ರ, ಆಧಾರ್ ತೆಗೆದುಕೊಂಡು ಬೆಂಗಳೂರು ಒನ್‌ಗೆ ಹೋದರೆ ತಿದ್ದುಪಡಿ ಅರ್ಜಿ ಹಾಕಬಹುದು. ಕೇಳಲು ಸುಲಭ. ತಿದ್ದುಪಡಿಗೆ ಸರ್ಕಾರ ಆಗಾಗ ಅವಕಾಶ ಬಿಡುತ್ತದೆ, ಆಗಾಗ ನಿಲ್ಲಿಸುತ್ತದೆ. ಬಿಟ್ಟ ದಿನ ಇಡೀ ಊರು ಒಟ್ಟಿಗೆ ಬಂದು ಸರ್ವರ್ ಕೂತುಬಿಡುತ್ತದೆ.

ಅದಕ್ಕೂ ಮುಂಚೆ ಎಡವುವ ಜಾಗ ಒಂದಿದೆ. ಎಷ್ಟೋ ಹೆಣ್ಣುಮಕ್ಕಳ ಹೆಸರು ಮದುವೆಯಾಗಿ ನಾಲ್ಕು ವರ್ಷವಾದರೂ ತವರುಮನೆಯ ಕಾರ್ಡಿನಲ್ಲೇ ಇರುತ್ತದೆ. ಅಲ್ಲಿ ತೆಗೆಸದೆ ಇಲ್ಲಿ ಸೇರಿಸಲು ಆಗುವುದಿಲ್ಲ. ತವರಿನಲ್ಲಿ ಅವ್ವನಿಗೆ ಇರಲಿ ಬಿಡು ಐದು ಕೆಜಿ ಅಂತ ಅವರೂ ಸುಮ್ಮನಿರುತ್ತಾರೆ. ತಾಯಿಯ ಹೆಸರು ಒಂದು ಕಡೆ, ಅಪ್ಪನದು ಇನ್ನೊಂದು ಕಡೆ ಆದಾಗ ಮಗುವಿನದು ಎಲ್ಲೂ ಇಲ್ಲ. ಮದುವೆಯಾದ ವರ್ಷವೇ ಈ ಕೆಲಸ ಮುಗಿಸಿಕೊಂಡರೆ ಆಮೇಲಿನ ಅರ್ಧ ಓಡಾಟ ತಪ್ಪುತ್ತದೆ.

ಇ-ಕೆವೈಸಿಯದ್ದು, ಅಂದರೆ ಆಧಾರ್ ಮೂಲಕ ಗುರುತು ಖಚಿತ ಮಾಡಿಸುವುದರದ್ದು, ಇನ್ನೊಂದು ತಲೆನೋವು. ಐದು ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು ತೆಗೆದಿರುವುದಿಲ್ಲ. ಐದು ತುಂಬಿದಾಗ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಬೆರಳಚ್ಚು ಕೊಡಬೇಕು. ಅದನ್ನು ಮರೆತರೆ ರೇಷನ್ ಅಂಗಡಿಯ ಯಂತ್ರ ಮಗುವನ್ನು ಗುರುತಿಸುವುದಿಲ್ಲ. 2025ರ ಜುಲೈನಲ್ಲಿ ಕೇಂದ್ರ ನಿಯಮ ಬದಲಾಯಿಸಿತು. ಈಗ ಐದು ವರ್ಷಕ್ಕೊಮ್ಮೆ ಎಲ್ಲರ ಇ-ಕೆವೈಸಿ ಆಗಬೇಕು. ಮಗುವಿಗೆ ಐದು ತುಂಬಿ ಒಂದು ವರ್ಷದೊಳಗೆ ಅದರದ್ದೂ ಆಗಬೇಕು. ಆರು ತಿಂಗಳು ರೇಷನ್ ಎತ್ತದಿದ್ದರೆ ಕಾರ್ಡ್ ತಾತ್ಕಾಲಿಕವಾಗಿ ನಿಲ್ಲುತ್ತದೆ. ಹೆರಿಗೆಗೆ ತವರಿಗೆ ಹೋದವರು, ಆರು ತಿಂಗಳು ಊರಲ್ಲೇ ಉಳಿದವರು ಇದನ್ನು ನೆನಪಿಡಬೇಕು. ಅಲ್ಲೇ ಹತ್ತಿರದ ಅಂಗಡಿಯಲ್ಲಿ ಒಮ್ಮೆ ತಂಬ್ ಕೊಟ್ಟು ಅಕ್ಕಿ ತೆಗೆದುಕೊಂಡರೂ ಸಾಕು. ರಾಜ್ಯದ ಕಾರ್ಡ್ ರಾಜ್ಯದ ಯಾವ ರೇಷನ್ ಅಂಗಡಿಯಲ್ಲಾದರೂ ನಡೆಯುತ್ತದೆ.

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್‌ಗಳಲ್ಲಿ ಇರುವವರಿಗೂ ಇದು ಅನ್ವಯ. ಊರಿನ ಕಾರ್ಡಿನಲ್ಲೇ ಇಲ್ಲಿ ಅಕ್ಕಿ ಸಿಗುತ್ತದೆ. ತೊಡಕು ಏನೆಂದರೆ, ಊರಲ್ಲಿರುವ ಅತ್ತೆ ಮಾವ ಒಂದನೇ ವಾರವೇ ಪೂರ್ತಿ ಎತ್ತಿಬಿಟ್ಟರೆ ಇಲ್ಲಿ ಯಂತ್ರ ಸೊನ್ನೆ ತೋರಿಸುತ್ತದೆ. ಅದು ಮನೆಯೊಳಗಿನ ಮಾತು, ಫೋನಿನಲ್ಲೇ ಬಗೆಹರಿಸಿಕೊಳ್ಳಬೇಕು. ಬೇರೆ ರಾಜ್ಯದ ಕಾರ್ಡ್ ಇದ್ದವರಿಗೆ ಇಲ್ಲಿ ಸಿಗುವುದು ಕೇಂದ್ರದ ಪಾಲಿನ ಧಾನ್ಯ ಮಾತ್ರ. ಕಾರ್ಡೇ ಇಲ್ಲದ ಕೂಲಿಯವರು ಇ-ಶ್ರಮ್‌ನಲ್ಲಿ, ಅಂದರೆ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಮಾಡಿರುವ ಪಟ್ಟಿಯಲ್ಲಿ, ಹೆಸರು ಬರೆಸುವುದು ಒಳ್ಳೆಯದು. ಅಲ್ಲಿ ನೋಂದಾಯಿಸಿಕೊಂಡೂ ಕಾರ್ಡ್ ಇಲ್ಲದವರಿಗೆ ಕಾರ್ಡ್ ಕೊಡಿ ಎಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ.

ಅಕ್ಕಿ ಜಾಸ್ತಿ, ಬೇಳೆ ಕಮ್ಮಿ

ಇಷ್ಟೆಲ್ಲ ಒದ್ದಾಡಿ ಹೆಸರು ಸೇರಿಸಿದರೆ ಮಗುವಿಗೆ ಸಿಗುವುದೇನು? ಅಕ್ಕಿ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗಿನಿಂದ ನಮ್ಮ ರಾಜಕೀಯ ಓಡಿದ್ದೇ ಕೆಜಿಗಳ ಮೇಲೆ. 2023ರಲ್ಲಿ ತಲೆಗೆ ಹತ್ತು ಕೆಜಿ ಎಂಬ ಮಾತು ಬಂತು. ಕೇಂದ್ರ ಅಕ್ಕಿ ಮಾರಲು ಒಪ್ಪಲಿಲ್ಲ. ಆಗ ಹೆಚ್ಚುವರಿ ಐದು ಕೆಜಿ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಹೆಚ್ಚುವರಿ ಅಕ್ಕಿ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ಒಪ್ಪಿತು. ಅಕ್ಕಿ ಕಾಳಸಂತೆಗೆ ಹೋಗುತ್ತಿದೆ ಎನ್ನುವುದು ಅದಕ್ಕೆ ಸರ್ಕಾರ ಕೊಟ್ಟ ಕಾರಣ.

ಹೋಗದೆ ಇನ್ನೇನು? ತಲೆಗೆ ಹತ್ತು ಕೆಜಿ ಲೆಕ್ಕದಲ್ಲಿ ಇಬ್ಬರು ಸಣ್ಣ ಮಕ್ಕಳಿರುವ ನಾಲ್ಕು ಜನರ ಮನೆಗೆ 40 ಕೆಜಿ ಅಕ್ಕಿ. ಎರಡು ವರ್ಷದ ಮಗು ತಿಂಗಳಿಗೆ ಹತ್ತು ಕೆಜಿ ಅನ್ನ ತಿನ್ನುತ್ತದೆಯೇ? ಮಿಕ್ಕಿದ್ದನ್ನು ಮಾರಿ ಬೇಳೆ, ಮೊಟ್ಟೆ ತರುವ ತಾಯಿಯನ್ನು ನಾನು ಬೈಯುವುದಿಲ್ಲ. ಕಿಟ್ ಮಾಡಬೇಕಾದ ಕೆಲಸವನ್ನು ಅವರೇ ಮಾಡಿಕೊಂಡರು, ಅಷ್ಟೇ. ನನ್ನ ಲೆಕ್ಕದಲ್ಲಿ ಅಕ್ಕಿಗಿಂತ ಬೇಳೆ ಒಳ್ಳೆಯ ತೀರ್ಮಾನ, ಆ ಸಕ್ಕರೆಯ ಜಾಗದಲ್ಲಿ ಹೆಸರುಕಾಳೋ ಕಡಲೆಯೋ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಅಕ್ಕಿ ಚೀಲ ದೊಡ್ಡದು ಮಾಡಿದರೆ ಇದು ಸರಿಹೋಗುವುದಿಲ್ಲ.

ಕಾರ್ಡ್ ಕೇಳದ ಬಾಗಿಲು

ಈಗ ಆ ತಾಯಿಗೆ ಹೇಳಬೇಕಿದ್ದ ವಿಷಯ. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಐವತ್ತು ವರ್ಷವಾದರೂ ನಗರದವರಿಗೆ ಅದು ಪಲ್ಸ್ ಪೋಲಿಯೋ ಹಾಕುವ ಜಾಗ, ಅಷ್ಟೇ. ಅದನ್ನು ಹಕ್ಕು ಮಾಡಿದ್ದು ಸುಪ್ರೀಂ ಕೋರ್ಟ್. ಆರು ವರ್ಷದೊಳಗಿನ 40 ಮಕ್ಕಳಿರುವ ಕೊಳೆಗೇರಿಯಾಗಲಿ ಹಳ್ಳಿಯಾಗಲಿ ಅಂಗನವಾಡಿ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು ಎಂದು 2006ರ ಡಿಸೆಂಬರ್ 13ರಂದು ಹೇಳಿತು. ಬೆಂಗಳೂರಿನ ಎಷ್ಟು ಶೆಡ್ ಕಾಲೊನಿಗಳಲ್ಲಿ ಈ ಆದೇಶ ಗೊತ್ತಿದೆ?

ವಯಸ್ಸಿನ ಪ್ರಕಾರ ನೋಡಿದರೆ ಸುಲಭ. ಹೊಟ್ಟೆಯಲ್ಲಿ ಮಗು ಇದ್ದಾಗ ತಾಯಿಗೆ ಮಾತೃಪೂರ್ಣ. 2017ರಿಂದ ರಾಜ್ಯದಲ್ಲೆಲ್ಲ ಇದೆ, ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿ ಊಟ. ಕಾಗದದ ಮೇಲೆ ಚೆನ್ನಾಗಿದೆ. ಏಳು ತಿಂಗಳ ಬಸುರಿ ಬಿಸಿಲಲ್ಲಿ ಅರ್ಧ ಕಿಲೋಮೀಟರ್ ನಡೆದು ಹೋಗಿ ಊಟ ಮಾಡಿ ಬರಬೇಕು ಅನ್ನೋದು ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಕೆಲಸಕ್ಕೆ ಹೋಗುವವರಿಗಂತೂ ಆಗದ ಮಾತು. ಇದರ ಜೊತೆಗೆ ಕೇಂದ್ರದ ಮಾತೃ ವಂದನಾ ಹಣವೂ ಅಂಗನವಾಡಿ ಮೂಲಕವೇ. ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000.

ಆರು ತಿಂಗಳಿಂದ ಮೂರು ವರ್ಷದವರೆಗೆ ಮಗು ಅಲ್ಲಿ ಕೂರಬೇಕಿಲ್ಲ. ಮನೆಗೇ ಪೊಟ್ಟಣ ಕೊಡುತ್ತಾರೆ. ನಮ್ಮಲ್ಲಿ ಪುಷ್ಟಿ ಹಿಟ್ಟು ಅಂತ ಹೆಸರು. ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು ಎನ್ನುವುದು 2013ರ ಕಾಯ್ದೆಯಲ್ಲಿ ಮೊದಲು ಬರೆದಿದ್ದ ನಿಯಮ. ತೀರಾ ಸೊರಗಿದ ಮಗುವಾದರೆ ಇನ್ನೂ ಹೆಚ್ಚು. ಆದ್ದರಿಂದ ತೂಕ ಹಾಕಿಸುವುದನ್ನು ತಪ್ಪಿಸಬಾರದು. ತೂಕ ಬರೆದಿದ್ದರೆ ತಾನೇ ಜಾಸ್ತಿ ಕೊಡಿ ಅಂತ ಕೇಳಲು ಆಗುವುದು. ಮಗುವಿಗೆ ಅತಿ ಹೆಚ್ಚು ಬೇಕಾದ ವಯಸ್ಸು ಇದೇ, ನಗರದಲ್ಲಿ ಅತಿ ಹೆಚ್ಚು ಕೈತಪ್ಪುವುದೂ ಇಲ್ಲೇ. ಮೂರು ವರ್ಷದವರೆಗೆ ಅಂಗನವಾಡಿ ಕಡೆ ಯಾರೂ ತಲೆ ಹಾಕುವುದಿಲ್ಲ. ಬಾಡಿಗೆ ಮನೆ ಬದಲಾಯಿಸಿದರೆ ಹೆಸರು ಹಳೇ ಏರಿಯಾದಲ್ಲೇ ಉಳಿದುಹೋಗುತ್ತದೆ.

ಇತ್ತೀಚೆಗೆ ಅಲ್ಲಿಗೂ ಯಂತ್ರ ಬಂದಿದೆ. 2025ರ ಜುಲೈ 1ರಿಂದ ಪೊಟ್ಟಣ ಕೊಡುವ ಮುಂಚೆ ಟೀಚರ್ ತಮ್ಮ ಫೋನಿನಲ್ಲಿ ತಾಯಿಯ ಮುಖ ಸ್ಕ್ಯಾನ್ ಮಾಡಬೇಕು. ಮೊದಲ ಸಲ ಆಧಾರ್‌ಗೆ ಜೋಡಿಸಿದ ನಂಬರ್‌ಗೆ ಒಟಿಪಿ ಬರುತ್ತದೆ. ಮನೆಯಲ್ಲಿ ಆ ನಂಬರ್ ಸಾಮಾನ್ಯವಾಗಿ ಗಂಡನದು. ಅವನು ಹನ್ನೊಂದು ಗಂಟೆಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸದಲ್ಲಿರುತ್ತಾನೆ. ಹೋಗುವ ಮುಂಚೆ ತಾಯಿಯ ಆಧಾರ್‌ಗೆ ತಾಯಿಯದೇ ನಂಬರ್ ಹಾಕಿಸಿಕೊಂಡರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲೇ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ. ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ ಎಂದು 2017ರಲ್ಲಿ ನಿಗದಿಯಾದ ದರದ ಲೆಕ್ಕದಲ್ಲಿ ತಿಂಡಿ, ಊಟ ನಡೆಯಬೇಕು. ಒಂದು ಮೊಟ್ಟೆಯ ಬೆಲೆಯೇ ಅದರ ಹತ್ತಿರ ಹೋಗುತ್ತದೆ. ಸಾರು ತೆಳ್ಳಗಿದೆ ಅಂತ ಟೀಚರ್ ಮೇಲೆ ರೇಗುವ ಮುಂಚೆ ಈ ಎಂಟು ರೂಪಾಯಿ ನೆನಪಿರಲಿ.

ಆಮೇಲೆ ಶಾಲೆ. ಬಿಸಿಯೂಟದ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಬೆಂಗಳೂರಿನಲ್ಲಿ 2000ನೇ ಇಸವಿಯಲ್ಲಿ ಅಕ್ಷಯ ಪಾತ್ರ ಐದು ಶಾಲೆಗಳಲ್ಲಿ ಶುರು ಮಾಡಿತು. ಸರ್ಕಾರದ ಅಕ್ಷರ ದಾಸೋಹ ಬಂದಿದ್ದು 2002ರಲ್ಲಿ. ಕೇಂದ್ರದ ಯೋಜನೆ ಎಂಟನೇ ಕ್ಲಾಸಿಗೆ ನಿಲ್ಲುತ್ತದೆ, ನಮ್ಮ ರಾಜ್ಯ ಹತ್ತರವರೆಗೆ ಕೊಡುತ್ತದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಬೇಡವೆಂದವರಿಗೆ ಬಾಳೆಹಣ್ಣು. ಇಬ್ಬರು ಮಕ್ಕಳಿರುವ ಮನೆಗೆ ವಾರಕ್ಕೆ ಒಂದು ಡಜನ್ ಮೊಟ್ಟೆ. ಇಷ್ಟು ಮೊಟ್ಟೆಯನ್ನು ಸ್ವಂತ ದುಡ್ಡಿನಲ್ಲಿ ತರುವ ಮನೆಗಳು ನಮ್ಮ ಬೀದಿಯಲ್ಲಿ ಕಡಿಮೆ.

ಆದರೆ ಕಾಯ್ದೆಯ ಪ್ರಕಾರ ಇದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಾತ್ರ. ಬೆಂಗಳೂರಿನಲ್ಲಿ ಕೂಲಿಯವರೂ ಸಾಲ ಮಾಡಿ ಮಗುವನ್ನು ಕಾನ್ವೆಂಟಿಗೆ ಹಾಕುತ್ತಾರೆ. ಮೂರು ತುಂಬುತ್ತಿದ್ದಂತೆ ನರ್ಸರಿ. ಅಲ್ಲಿಗೆ ಅಂಗನವಾಡಿಯ ಊಟ ನಿಂತಿತು. ಆರಕ್ಕೆ ಖಾಸಗಿ ಶಾಲೆ, ಬಿಸಿಯೂಟವೂ ಇಲ್ಲ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟಿನಲ್ಲಿ ಸೇರಿದ ಮಗುವಿಗೂ ಇಲ್ಲ. ಇಂಗ್ಲಿಷ್ ಬೇಕೆಂದ ತಾಯಿಯ ಆಸೆ ತಪ್ಪಲ್ಲ. ಅದಕ್ಕೆ ಅವರು ತೆರುವುದು ಬರೀ ಫೀಸ್ ಅಲ್ಲ, ಹತ್ತು ವರ್ಷದ ಊಟ ಕೂಡ. ಈ ಲೆಕ್ಕವನ್ನು ಯಾರೂ ಅವರ ಮುಂದೆ ಇಡುವುದಿಲ್ಲ. ಟಿಫಿನ್ ಬಾಕ್ಸಿನಲ್ಲಿ ಹೋಗುವುದು ರೇಷನ್ ಅಕ್ಕಿಯ ಚಿತ್ರಾನ್ನ.

ಊಟ ಸಿಗದಿದ್ದರೆ, ತೂಕದಲ್ಲಿ ಕಡಿಮೆ ಕೊಟ್ಟರೆ, ತಂಬ್ ಆಗಲಿಲ್ಲ ಅಂತ ವಾಪಸ್ ಕಳಿಸಿದರೆ? ಆಧಾರ್ ಇಲ್ಲ ಅಥವಾ ಬೆರಳಚ್ಚು ಹೊಂದುತ್ತಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ರೇಷನ್ ನಿಲ್ಲಿಸುವಂತಿಲ್ಲ ಎಂದು 2017ರ ಅಕ್ಟೋಬರ್‌ನಲ್ಲಿ ಕೇಂದ್ರವೇ ರಾಜ್ಯಗಳಿಗೆ ಬರೆದಿದೆ. ಅಂಗಡಿಯಲ್ಲಿ ಅದನ್ನು ಹೇಳಿ. ಕೇಳದಿದ್ದರೆ ರೇಷನ್ ದೂರಿನ ಸಹಾಯವಾಣಿ 1967ಕ್ಕೆ ಫೋನ್ ಮಾಡಿ. ಅಲ್ಲಿ ದೂರಿನ ನಂಬರ್ ಕೊಟ್ಟರೆ ಬರೆದಿಟ್ಟುಕೊಳ್ಳಿ. ನಂಬರ್ ಕೈಯಲ್ಲಿದ್ದರೆ ಅಂಗಡಿಯವರ ಮಾತಿನ ವರಸೆ ಬೇರೆಯಾಗುತ್ತದೆ, ನಾನೇ ನೋಡಿದ್ದೇನೆ.

ಆ ತಾಯಿ ಮರುದಿನವೇ ಅಂಗನವಾಡಿಗೆ ಹೋದರು. ಎರಡು ಬೀದಿ ಆಚೆ, ದೇವಸ್ಥಾನದ ಪಕ್ಕದ ಒಂದು ರೂಮು. ಮೊದಲ ದಿನ ಒಟಿಪಿ ಗಂಡನ ಫೋನಿಗೆ ಹೋಯಿತು, ಅವರು ಎತ್ತಲಿಲ್ಲ. ಶನಿವಾರ ಗಂಡನ ಫೋನನ್ನೇ ತೆಗೆದುಕೊಂಡು ಹೋಗಿ ಹಿಟ್ಟಿನ ಪೊಟ್ಟಣ ತಂದರು. ಮಗು ಬರೀ ಹಿಟ್ಟು ತಿನ್ನಲು ಒಲ್ಲೆ ಅಂತಂತೆ. ಈಗ ತುಪ್ಪದ ಬದಲು ಚೂರು ಎಣ್ಣೆಯಲ್ಲಿ ಹುರಿದು, ಬೆಲ್ಲ ಹಾಕಿ ಉಂಡೆ ಕಟ್ಟುತ್ತಾರೆ. ಕಾರ್ಡಿನಲ್ಲಿ ಇನ್ನೂ ಎರಡೇ ಹೆಸರು.